ನವಿಲು ನೇಯ್ದಾಕಿ ಯಾರು?

"ಕೂಡೂದಿಲ್ಲ ಮಾಸ್ತರ. ಚಹಾನೂ ಬ್ಯಾಡ. ಇದನ್ನ ನಾನ ಬರದೀನಿ ಅಂತ ನನ್ನ ಮಾರಿ ನೋಡಿ ಒಮ್ಮೆ ಹೇಳ್ರಿ, ಸಾಕು."

ಪುಸ್ತಕವನ್ನು ಟೀಪಾಯಿಯ ಮೇಲೆ ಬಡಿದೆ. ಮಾಸ್ತರರ ಹೆಂಡತಿ ನೀಲಕ್ಕ ಆಗಷ್ಟೇ ತಂದಿಟ್ಟಿದ್ದ ಚಹಾ ಬಸಿಗೆಲ್ಲ ಚೆಲ್ಲಿತು. ಪಾಪ, ಆಕೆಯದೇನು ತಪ್ಪು! ಆದರೂ ತಪ್ಪಾಯಿತು ಅನ್ನುವಷ್ಟು ತಾಳ್ಮೆ ಆ ಬೆಳಗ್ಗೆ ನನ್ನಲ್ಲಿ ಉಳಿದಿರಲಿಲ್ಲ.

ಸಂಗನಬಸವ ಮಾಸ್ತರರು ನನ್ನ ಮುಖ ನೋಡಿದರು. ನೋಡಿ ನಕ್ಕರು.

"ಬರದೀನಿ, ಶೈಲಾ. ಮೂರ ವರ್ಷ ಕುಂತು ಬರದೀನಿ. ಮ್ಯಾಲ ಹೆಸರ ಐತೆಲ್ಲಾ, ಓದಾಕ ಬರೂದಿಲ್ಲೇನು ನಿನಗ?"

ನನಗೆ ಓದಲು ಬರುವುದಿಲ್ಲವಂತೆ! ಅಣ್ಣಿಗೇರಿಯ ಕಚೇರಿಯ ಎದುರು ಇಪ್ಪತ್ತೆರಡು ವರ್ಷದಿಂದ ಮಂದಿಯ ಅರ್ಜಿ ಬರೆದು, ಬೆರಳಚ್ಚು ಮಾಡಿ ಹೊಟ್ಟೆ ಹೊರೆದವಳು ನಾನು. ಅರ್ಧ ತಾಲೂಕಿನ ಸುಳ್ಳು ನನ್ನ ಕೈ ಹಾದು ಹೋಗಿದೆ. ಯಾವನು ಎಲ್ಲಿ ಸುಳ್ಳು ಬೆರೆಸುತ್ತಾನೆ ಅನ್ನುವುದು ಮೊದಲ ಸಾಲಿಗೇ ಗೊತ್ತಾಗುತ್ತದೆ. ಕಳುವು, ಹೊಲದ ಗಡಿ, ಕಾಣೆಯಾದ ಹೋರಿ, ಕಾಣೆಯಾದ ಗಂಡ ಅಂತ ಮಂದಿ ನನ್ನನ್ನು ಹುಡುಕಿಕೊಂಡು ಬರುವುದೂ ಅದಕ್ಕೇ.

ಈ ಸಲ ಕಾಣೆಯಾಗಿದ್ದು ಒಂದು ಕಾದಂಬರಿ.

ಬಾಗಿಲ ಹತ್ತಿರದ ಕುರ್ಚಿಯ ತುದಿಗೆ ನನ್ನ ಜೊತೆ ಬಂದು ಕೂತಿದ್ದಳು ಶಗುಫ್ತಾ, ಜಮಖಾನೆ ನೇಯುವ ಮನೆಯ ಇಪ್ಪತ್ತಮೂರರ ಹುಡುಗಿ. ತಾನು ಬರೆದ ಆರು ನೋಟಬುಕ್ಕುಗಳನ್ನು ನವಲಗುಂದದ ಶಾಲೆಯಲ್ಲಿ ತನಗೆ ಕನ್ನಡ ಕಲಿಸಿದ ಈ ಮಾಸ್ತರರಿಗೇ ತಿದ್ದಿಕೊಡಿ ಅಂತ ಕೊಟ್ಟಿದ್ದಳು. ನೋಟಬುಕ್ಕು ಮರಳಲಿಲ್ಲ. ಬಂದಿದ್ದು ಅಚ್ಚಾದ ಪುಸ್ತಕ, ಮಾಸ್ತರರ ಹೆಸರಿನಲ್ಲಿ. ಮರುದಿನ ಹನ್ನೊಂದು ಗಂಟೆಗೆ ನವಲಗುಂದದಲ್ಲಿ ಬಿಡುಗಡೆ, ಹಾರ, ಭಾಷಣ. ನಿನ್ನ ಕೈಬರಹದ ಒಂದು ಚೂರಾದರೂ ತಾ, ಇಲ್ಲದಿದ್ದರೆ ದೂರು ತಗೊಳ್ಳುವುದಿಲ್ಲ ಅಂದುಬಿಟ್ಟಿದ್ದರು ಠಾಣೆಯವರು. ಅಂದರೆ ನಮಗೆ ಉಳಿದದ್ದು ಒಂದು ದಿನ. ಅದು ದಾಟಿದರೆ ಆ ಹುಡುಗಿಯ ಹೆಸರು ಜನ್ಮದಲ್ಲಿ ಆ ಪುಸ್ತಕದ ಮೇಲೆ ಏರುವುದಿಲ್ಲ.

ಎಂಥ ಕಾದಂಬರಿ ಅದು! ಮುನ್ನೂರು ವರ್ಷದ ಹಿಂದಿನ ಕಥೆ. ದೇಸಾಯಿಗಳ ಕಾಲದ ನವಲಗುಂದ. ಸಕೀನಾ ಅಂತ ಒಬ್ಬ ಹುಡುಗಿ ಜಮಖಾನೆಯಲ್ಲಿ ಏನು ನೇಯುತ್ತಾಳೋ ಅದು ಮರುದಿನ ನಡೆಯುತ್ತದೆ. ನವಿಲು ನೇಯ್ದರೆ ಬೆಳಗ್ಗೆ ಮಾಳಿಗೆಯ ಮೇಲೆ ನವಿಲು. ವಿಷಯ ದೇಸಾಯಿಯ ಕಿವಿಗೆ ಬೀಳುತ್ತದೆ. ವೈರಿಯ ಕೋಟೆ ಸುಡುವುದನ್ನು ನೇಯಿ ಅನ್ನುತ್ತಾನೆ ಅವನು. ಸಕೀನಾ ಒಲ್ಲೆ ಅನ್ನುತ್ತಾಳೆ. ಒಂದೇ ಪಟ್ಟಿಗೆ ಓದಿ ಮುಗಿಸಿ, ಅನ್ನಕ್ಕಿಟ್ಟ ಎಸರು ಬತ್ತಿದ್ದೂ ತಿಳಿಯದೆ ಕೂತಿದ್ದೆ ನಾನು.

ಹುಡುಗಿ ಇಟ್ಟ ಹೆಸರು 'ನವಿಲು ನೇಯ್ದಾಕಿ'. ಮಾಸ್ತರರು ಇಟ್ಟದ್ದು 'ಮಯೂರಜಾಲ'. ಥೂ!

"ಕೈಬರಹದ ಪ್ರತಿ ಐತೇನು ನಿಮ್ಮದು?" ಕೇಳಿದೆ.

ಇದಕ್ಕೇ ಕಾಯುತ್ತಿದ್ದವರಂತೆ ಮಾಸ್ತರರು ಕಪಾಟಿನಿಂದ ಹಾಳೆಯ ಕಟ್ಟು ತೆಗೆದು ಮುಂದಿಟ್ಟರು. ನಾನೂರು ಹಾಳೆ. ಎಲ್ಲ ಅವರದೇ ದುಂಡು ಅಕ್ಷರ. ಶಗುಫ್ತಾಳ ಮುಖ ಸಣ್ಣದಾಯಿತು.

ನಾನು ಕೂತೆ. ಕೂಡುವುದಿಲ್ಲ ಅಂದಿದ್ದೆ, ಇರಲಿ. ಹಾಳೆ ಮುಂದೆ ಬಂದರೆ ನಾನು ಕೂಡುವವಳೇ. ಅರವತ್ತೊಂದನೇ ಪುಟದಲ್ಲಿ ಅಂಚಿಗೆ ತುರುಕಿದ ಒಂದು ಸಾಲು ಕಂಡಿತು. ತೊಂಬತ್ತರಲ್ಲಿ ಇನ್ನೊಂದು. ಮುಂದೆ ಮತ್ತೆ ಎರಡು.

"ಮಾಸ್ತರ, ಇದನ್ನ ನೀವು ನೋಡಿ ಬರದೀರಿ."

"ಅಂದ್ರ?"

"ಎರಡ ಸಾಲಿನ ಕಡೀಕ ಒಂದs ಶಬ್ದ ಇದ್ರ, ನಕಲು ಮಾಡಾವರ ಕಣ್ಣ ಮ್ಯಾಲಿಂದು ಬಿಟ್ಟು ಕೆಳಗಿಂದಕ್ಕ ಹೋಗ್ತೈತಿ. ನಡುವಿನ ಸಾಲ ತಪ್ಪತೈತಿ. ಆಮ್ಯಾಲ ನೆಪ್ಪಾಗಿ ಅಂಚಿಗೆ ಬರೀತಾರ. ನಾಲ್ಕು ಕಡೆ ತಪ್ಪಿದ್ದೂ ಅಂಥಲ್ಲೇ. ಸ್ವಂತ ತಲಿಯಿಂದ ಬರಿಯಾವ್ರಿಗೆ ಹಿಂಗಾಗೂದಿಲ್ಲ. ನನ್ನ ಹೊಟ್ಟಿಪಾಡs ಇದು, ನನಗ ಕಲಿಸಬ್ಯಾಡ್ರಿ."

ಮಾಸ್ತರರು ಒಂದು ಗುಟುಕು ಚಹಾ ಕುಡಿದರು. "ನೋಡಿ ಬರದೀನಿ, ಖರೆ. ನನ್ನದ ಕಚ್ಚಾ ಪ್ರತಿ ನೋಡಿ ಪಕ್ಕಾ ಮಾಡೀನಿ."

"ಎಲ್ಲೈತಿ ಕಚ್ಚಾ ಪ್ರತಿ?"

"ನೀರೊಲಿಗೆ ಹಾಕಿದೆ. ಕೆಲಸ ಮುಗದ ಮ್ಯಾಲ ಕಸಾ ಯಾಕ ಇಟಗೋಬೇಕು?"

ಹುಡುಗಿಯ ಆರು ನೋಟಬುಕ್ಕು ಎಲ್ಲಿಗೆ ಹೋದವು ಅನ್ನುವುದು ಆಗ ತಿಳಿಯಿತು. ಸ್ನಾನದ ನೀರು ಕಾಸಿದ್ದಾನೆ ಈ ಮನುಷ್ಯ, ಒಂದು ವರ್ಷದ ಬರಹದಲ್ಲಿ! ಮೈಯೆಲ್ಲ ಉರಿದುಹೋಯಿತು. ಅಂಗಳದಲ್ಲಿದ್ದ ಗುದ್ದಲಿ ಕಣ್ಣಿಗೆ ಬಿತ್ತು ಅಂದರೆ ಸುಳ್ಳಲ್ಲ. ಶಗುಫ್ತಾ ಮಾತ್ರ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಅಳು ಬೇಡ, ಒಂದು ಬೈಗುಳವಾದರೂ ಬೈಯೇ ಹುಡುಗಿ ಅಂತ ಅವಳ ಮೇಲೂ ಸಿಟ್ಟು ಬಂತು.

ಅಂಚಿನ ಸಾಲು ಬಿಟ್ಟೆ. ಮಾಸ್ತರರು ಅದಕ್ಕೆ ಉತ್ತರ ಕಟ್ಟಿಕೊಂಡೇ ಕೂತಿದ್ದರು. ಕಟ್ಟಿಕೊಳ್ಳದ ಜಾಗ ಹುಡುಕಬೇಕಿತ್ತು.

"ಏಳನೇ ಅಧ್ಯಾಯ," ಅಂದೆ. "ಸಕೀನಾ ಮಗ್ಗದಾಗ ನವಿಲಿನ ಕೊರಳ ಬಾಗಸೂದು, ಆ ಕೊಳ್ಳು ತಿರುವೂದು. ನೂಲ ಹೆಂಗ ಹಿಡೀಬೇಕು, ಎಷ್ಟ ಎಳಿ ಬಿಡಬೇಕು, ಎಲ್ಲಾ ಬರದೈತಿ. ನಿಮಗ ಯಾರ ಹೇಳಿದ್ರು?"

"ಹೇಳೂದೇನು? ಕಣ್ಣಾರೆ ನೋಡೀನಿ." ಕಾಲ ಮೇಲೆ ಕಾಲು ಹಾಕಿದರು. "ನವಲಗುಂದದಾಗ ಹನ್ನೊಂದ ವರ್ಷ ಇದ್ದಾಂವ ನಾ. ಈಕಿ ಮನಿ ನಮ್ಮ ಸಾಲಿ ಹಿಂದಿನ ಓಣ್ಯಾಗs ಇತ್ತು. ಈಕಿ ಸಣ್ಣಾಕಿದ್ದಾಗ ಅವರವ್ವನ ಬಾಜು ಕುಂತು ನೇಯ್ತಿದ್ಲು. ಅಗದಿ ಚಂದ ಕೈ. ಬಾಗಲದಾಗ ನಿಂತು ನೋಡಿ ನೋಡಿ ಬರಕೊಂಡೀನಿ. ಬೇಕಾದ್ರ ಈಕಿನ್ನs ಕೇಳು."

ಶಗುಫ್ತಾ ತಟ್ಟನೆ ತಲೆ ಎತ್ತಿ, ಅಷ್ಟೇ ಬೇಗ ತಗ್ಗಿಸಿದಳು. ಹೆದರಿದ್ದಾಳೆ ಅಂದುಕೊಂಡೆ. ಆ ದಿನ ನಾನು ಮಾಡಿದ ಮೊದಲ ದಡ್ಡತನ ಅದು.

ನನ್ನ ಲಕ್ಷ್ಯವೆಲ್ಲ 'ಬಾಗಿಲಲ್ಲಿ ನಿಂತು' ಅನ್ನುವುದರ ಮೇಲೆ. ಶಗುಫ್ತಾಳ ಮನೆಯಲ್ಲಿ ಎರಡು ಸಲ ಉಂಡಿದ್ದೇನೆ. ಮಗ್ಗವಿರುವುದು ಒಳಗಿನ ಕೋಣೆಯಲ್ಲಿ. ಬಾಗಿಲಲ್ಲಿ ನಿಂತವನಿಗೆ ಕಾಣುವುದು ಗೋಡೆ ಮತ್ತು ನೀರಿನ ಕೊಡ, ಅಷ್ಟೇ. ಸಿಕ್ಕಿಬಿದ್ದೆಯಾ ಮುದುಕಾ ಅಂದುಕೊಂಡು ಅಲ್ಲಿಯೇ ಫೋನು ತೆಗೆದೆ. ಶಗುಫ್ತಾಳ ತಾಯಿ ಮಾಬೂಬಿಗೆ ಹಚ್ಚಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಒತ್ತಿ ಟೀಪಾಯಿಯ ಮೇಲೆ ಇಟ್ಟೆ.

"ಅಕ್ಕಾ, ಬ್ಯಾಡ್ರಿ," ಅಂದಳು ಶಗುಫ್ತಾ.

"ಸುಮ್ಮನ ಕೂಡ ನೀ!"

ಆ ಕಡೆಯಿಂದ ಮೊದಲು ಕೇಳಿದ್ದು ಪಂಜಾ ಬಡಿಯುವ ಸದ್ದು. ಹೊಕ್ಕಿನ ನೂಲನ್ನು ಕೆಳಗೆ ಕೂರಿಸುವ ಆ ಕಬ್ಬಿಣದ ಹಣಿಗೆ ಮಾಬೂಬಿಯ ಕೈಬಿಟ್ಟು ಇಳಿದಿದ್ದನ್ನು ನಾನು ಕಂಡಿಲ್ಲ.

"ಮಾಬೂಬಿ, ನಾ ಶೈಲಾ. ಶಗುಫ್ತಾ ಸಣ್ಣಾಕಿದ್ದಾಗ ನಿಮ್ಮ ಬಾಜು ಕುಂತು ಜಮಖಾನಿ ನೇಯ್ತಿದ್ಲಂತ. ಸಂಗನಬಸವ ಮಾಸ್ತರ ಬಾಗಲದಾಗ ನಿಂತು ನೋಡ್ಯಾರಂತ. ಖರೆ ಏನು?"

ಸದ್ದು ನಿಂತಿತು.

"ಯಾವ ಮೂಳ ಹಂಗಂದಾಂವ? ಮಗಳಿಗೆ ಕಲಸ್ತೀವೇನ ನಾವು? ನಮ್ಮತ್ತಿ ಕಾಲದಿಂದ ನಮ್ಮ ಮನ್ಯಾಗ ಮಗಳಿಗೆ ಕಲಿಸಿದ್ದಿಲ್ಲ. ಮಗಳು ಕೊಟ್ಟ ಮನಿಗೆ ಹೋಗಾಕಿ, ಹೋಗೂಮುಂದ ಕೈಯಾಗಿನ ಕೆಲಸಾನೂ ಕಟಗೊಂಡು ಹೋಗ್ತಾಳ. ನಾವು ಕಲಿಸೂದು ಸೊಸಿಗೆ. ಈ ಹುಡುಗಿನ್ನ ಮಗ್ಗದ ಖೋಲಿ ಹೊಸ್ತಲಾ ದಾಟಾಕ ಬಿಟ್ಟಿಲ್ಲ ನಾ. ಇಣಿಕಿದ್ರ ಹೊಡದೀನಿ. ನೇಯ್ತಿದ್ಲಂತ! ಹಾಡಹಗಲ ಎಂಥಾ ಸುಳ್ಳ ಹೇಳ್ತಾನ ಅವ!"

ಆಹಾ! ಕುಣಿಯಬೇಕು ಅನ್ನಿಸಿತು. ಹನ್ನೊಂದು ವರ್ಷ ಓಣಿಯ ತುದಿಗೇ ಇದ್ದು, ಆ ಮನೆಯ ಮೊದಲ ಪಾಠವೇ ಈ ಮನುಷ್ಯನಿಗೆ ಗೊತ್ತಿಲ್ಲ. ಹೆಣ್ಣುಮಗಳು ತಾಯಿಯ ಬಾಜು ಕೂತು ಕಲಿಯುತ್ತಾಳೆ ಅಂತ ಎಲ್ಲರ ಮನೆಯ ಹಾಗೆ ಊಹೆ ಮಾಡಿ ಹೇಳಿದ್ದ.

"ಕೇಳಿದಿಯೇನು?" ಅಂದೆ. ಮಾಸ್ತರ, ರೀ, ಬರ್ರಿ, ಹೋಗ್ರಿ ಎಲ್ಲ ಅಲ್ಲಿಗೆ ಮುಗಿದಿತ್ತು. "ನೋಡಿಲ್ಲ, ಕೇಳಿಲ್ಲ, ಆ ಮನಿ ಸುದ್ದೀನs ಗೊತ್ತಿಲ್ಲ ನಿನಗ. ನವಿಲಿನ ಕೊಳ್ಳು ತಿರುವೂದನ್ನ ಬರದಿಯಂತ! ನಾಳೆ ಆ ವೇದಿಕಿ ಮ್ಯಾಲ ಇದನ್ನs ಕೇಳ್ತೀನಿ, ಮಂದಿ ಮುಂದ."

ಮಾಸ್ತರರು ಮೀಸೆ ಒರೆಸಿಕೊಂಡರು. ಆಮೇಲೆ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಹಲಗೆಯ ಮುಂದೆ ಕರೆಯುವ ದನಿಯಲ್ಲಿ ಕೇಳಿದರು.

"ನಾ ಸುಳ್ಳ ಹೇಳಿದೆ, ಆತು. ಹಂಗಾದ್ರ ನೀ ಹೇಳು ಶೈಲಾ. ಮಗ್ಗದ ಖೋಲಿ ಹೊಸ್ತಲಾ ದಾಟದಾಕಿ ಏಳನೇ ಅಧ್ಯಾಯ ಹೆಂಗ ಬರದ್ಲು?"

ಶಗುಫ್ತಾಳ ಕಡೆ ತಿರುಗಿದೆ.

ಮಾಸ್ತರರಿಗೆ ತೋಡಿದ ಹೊಂಡದೊಳಗೆ ಹುಡುಗಿಯನ್ನೇ ತಳ್ಳಿದ್ದೆ ನಾನು. ನನ್ನ ಕೈಯಾರೆ! ಹದಿನೈದು ದಿನದಿಂದ ಅವಳ ಪರವಾಗಿ ಊರೂರು ತಿರುಗಿ ಜಗಳ ಮಾಡಿದ್ದೇನೆ. ಆ ಅಧ್ಯಾಯ ನೀನು ಹೇಗೆ ಬರೆದೆ ಅಂತ ಒಂದು ಸಲವೂ ಕೇಳಿರಲಿಲ್ಲ. ನೇಕಾರರ ಮಗಳು, ಗೊತ್ತಿರುತ್ತದೆ ಅಂದುಕೊಂಡಿದ್ದೆ. ಮಾಸ್ತರರು ಮಾಡಿದ ತಪ್ಪೇ ನನ್ನದೂ.

"ಶಗುಫ್ತಾ?"

ಅವಳು ಓಡಣಿಯ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಏನ ಬರದೈತಿ ಅದರಾಗ?" ಫೋನಿನಲ್ಲಿ ಮಾಬೂಬಿ ಕೇಳಿದಳು. "ಕೊಳ್ಳಿನ ಸುದ್ದಿ ಏನ ಬರದೈತಿ? ಓದು ಶೈಲವ್ವಾ."

ಪುಟ ತೆರೆದು ಓದಿದೆ. "'ನವಿಲಿನ ಕೊರಳು ಬಾಗುವ ಕಡೆ ಸಕೀನಾ ನೀಲಿ ನೂಲನ್ನು ಕಿರುಬೆರಳಿಗೆ ಎರಡು ಸುತ್ತು ಸುತ್ತಿಕೊಂಡಳು. ಹಾಸಿನ ಮೂರು ಎಳೆ ಬಿಟ್ಟು ಹಿಂದಿನಿಂದ ಎಳೆದಳು. ಅಲ್ಲಿ ಪಂಜಾ ಬಡಿಯಲಿಲ್ಲ. ಉಗುರಿನಿಂದಲೇ ಒತ್ತಿ ಕೂರಿಸಿದಳು.'"

ಫೋನಿನಲ್ಲಿ ಪಂಜಾ ನೆಲಕ್ಕೆ ಬಿದ್ದ ಸದ್ದು ಕೇಳಿತು. ಕರೆ ಕಟ್ಟಾಯಿತೇನೋ ಅಂತ ನೋಡಿದೆ. ಇಲ್ಲ.

"ಮಾಬೂಬಿ?"

"ಕಿರುಬೆರಳಿಗೆ ಅಂತ ಐತೇನು?" ದನಿ ಬೇರೆಯಾಗಿತ್ತು. "ನಾವೆಲ್ಲಾ ಹೆಬ್ಬಟ್ಟಿಗೆ ಸುತ್ತಾವ್ರು. ನಮ್ಮತ್ತಿ, ನಾ, ನಮ್ಮ ನೆಗೆಣ್ಣಿ, ಎಲ್ಲಾರೂ. ಕಿರುಬೆರಳಿಗೆ ಸುತ್ತಾಕಿ ಒಬ್ಬಾಕೀನs ಇದ್ಲು. ಸಣ್ಣಾಕಿದ್ದಾಗ ತವರಮನಿ ಯರಗುಪ್ಯಾಗ ಕಡ್ಲಿ ಮಷೀನಿಗೆ ಕೈ ಸಿಕ್ಕು ಹೆಬ್ಬಟ್ಟಿನ ತುದಿ ಹೋಗಿತ್ತು ಆಕಿದು. ಹಂಗ ಸುತ್ತಿದ್ರ ಕೊಳ್ಳು ಸೊಟ್ಟ ಆಕ್ಕೈತಿ ಅಂತ ದಿನಾ ಬೈತಿದ್ದೆ. ಆಕಿ ನೇಯ್ದಷ್ಟು ಚಂದ ಕೊಳ್ಳು ನನಗೂ ಬರಲಿಲ್ಲ."

"ಯಾರು?"

"ನನ್ನ ಸೊಸಿ. ಮೆಹರುನ್ನಿಸಾ."

ಆ ಹೆಸರು ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಬಣ್ಣ ಹಾಕಿದ ನೂಲು ತೊಳೆಯಲು ಬೆಣ್ಣಿಹಳ್ಳಕ್ಕೆ ಹೋದವಳು ಮೆಹರುನ್ನಿಸಾ. ಮೇಲೆಲ್ಲೋ ಮಳೆಯಾಗಿ ಹಳ್ಳ ಒಮ್ಮೆಲೇ ಬಂತು. ದಂಡೆಯಲ್ಲಿ ಚಪ್ಪಲಿ ಮತ್ತು ನೂಲಿನ ಬುಟ್ಟಿ ಸಿಕ್ಕವು. ಮೂರು ದಿನ ದೋಣಿ ಹಾಕಿ ಹುಡುಕಿದರು. ಹೆಣ ಸಿಗಲಿಲ್ಲ. ಅವಳ ಗಂಡ, ಅಂದರೆ ಶಗುಫ್ತಾಳ ಅಣ್ಣ ಅಲ್ಲಾಸಾಬ, ಸರಕಾರಕ್ಕೆ ಕೊಟ್ಟ ಪರಿಹಾರದ ಅರ್ಜಿ ಬರೆದವಳು ನಾನೇ. ಅವನು ಒಂದೊಂದು ಶಬ್ದಕ್ಕೂ ಅಳುತ್ತಿದ್ದ. 'ಘಟನೆಯನ್ನು ಪ್ರತ್ಯಕ್ಷ ಕಂಡವರು ಯಾರೂ ಇರುವುದಿಲ್ಲ' ಅಂತ ಆರನೇ ಸಾಲಿನಲ್ಲಿ ಬರೆದಿದ್ದೆ.

ನಾನು ಶಗುಫ್ತಾಳ ಎದುರು ಹೋಗಿ ನಿಂತೆ.

"ನೀ ಬರದಿಲ್ಲ ಇದನ್ನ."

"ಬರದೀನ್ರಿ ಅಕ್ಕಾ. ಅಕ್ಷರ ನನ್ನವು." ದನಿ ಏಳಲೇ ಇಲ್ಲ. "ಹೇಳಿದಾಕಿ ಭಾಬಿ, ಅಣ್ಣನ ಹೇಂತಿ."

"ಮತ್ತ ನನ್ನ ಮುಂದ ಯಾಕ ಬೊಗಳಲಿಲ್ಲ? ಎಷ್ಟ ಮಂದಿ ಕೂಡ ಜಗಳಾ ಮಾಡೀನಿ ನಾ! ಕತಿ ನಂದು, ಕತಿ ನಂದು ಅಂತ ಎದಿ ಬಡಕೊಂಡೆಲ್ಲ, ಸತ್ತಾಕಿ ಹೆಸರ ಒಂದ ಸಲ ಬಂತೇನು ನಿನ್ನ ಬಾಯಾಗ? ಆ ಮಾಸ್ತರಗೂ ನಿನಗೂ ಏನ ಫರಕ ಉಳೀತು?"

ಹೊಡೆದ ಹಾಗೆ ಹಿಂದೆ ಸರಿದಳು ಹುಡುಗಿ. ಸರಿಯಲಿ. ನನಗೆ ಆಗ ಕರುಣೆಯೇನೂ ಬರಲಿಲ್ಲ.

"ಯಾವಾಗ ಹೇಳಿದ್ಲು ಕತಿ? ಆಕಿ ಹೋಗೂಕಿಂತ ಮದ್ಲು?"

ಅವಳು ಮುಖ ಬಾಗಿಲ ಕಡೆ ತಿರುಗಿಸಿದಳು.

ಹಿಂದಿನಿಂದ ಚಪ್ಪಾಳೆ ಕೇಳಿತು. ಮಾಸ್ತರರು. ಮೆಲ್ಲಗೆ, ಎರಡೇ ಎರಡು ಸಲ ತಟ್ಟಿದರು.

"ಶಭಾಷ್ ಶೈಲಾ. ನನ್ನ ಕೆಲಸ ನೀನs ಮುಗಿಸಿದಿ. ಕತಿ ಈಕಿದಲ್ಲ. ಸತ್ತಾಕಿದು. ಸತ್ತಾಕಿ ಬಂದು ಠಾಣ್ಯಾಗ ದೂರ ಕೊಡ್ತಾಳೇನು? ನಾಳೆ ವೇದಿಕಿ ಮ್ಯಾಲ ಬಂದು ನನ್ನ ಕೈಯಾಗಿನ ಹಾರಾ ಕಸಗೊತಾಳೇನು? ಹುಳಾ ಹಿಡಿದು ಹೋಗೂ ನೋಟಬುಕ್ಕಿಗೆ ಹೆಸರ ಕೊಟ್ಟಾಂವ ನಾ. ಆಕಿ ಆತ್ಮ ನನಗ ಕೈ ಮುಗೀಬೇಕು. ಹಳ್ಳದ ಪಾಲಾದಾಕಿಗೆ ಏನ ಹೆಸರು, ಏನ ಪುಸ್ತಕ..."

"ಬಾಯಿ ಮುಚ್ಚರಿ ಸರ!"

ಶಗುಫ್ತಾ ಎದ್ದು ನಿಂತಿದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಹದಿನೈದು ದಿನದಲ್ಲಿ ಒಂದು ಸಲವೂ ಏರದ ದನಿ ಮನೆಯ ತೊಲೆಗೆ ಮುಟ್ಟಿತು. ಎಂಟನೇ ಇಯತ್ತೆಯಿಂದ ಯಾರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳೋ ಆ ಮನುಷ್ಯನ ಮುಖಕ್ಕೆ ಬೆರಳು ಹಚ್ಚಿ ಕೂಗಿದಳು.

"ಸತ್ತಾಕಿ ಸತ್ತಾಕಿ ಅನಬ್ಯಾಡ್ರಿ! ಭಾಬಿ ಸತ್ತಿಲ್ಲ! ಎರಡ ವರ್ಷದಿಂದ ಪ್ರತಿ ಗುರುವಾರ ಫೋನ್ ಮಾಡಿ ಹೇಳ್ಯಾಳ, ನಾ ಬರದೀನಿ. ಮೊನ್ನಿ ಗುರುವಾರಾನೂ ಮಾಡಿದ್ಲು. ಯಾರಿಗೂ ಹೇಳೂದಿಲ್ಲಂತ ಆಣಿ ಮಾಡಿಸಿಕೊಂಡಾಳ, ಅದಕ್ಕ ಸುಮ್ಮನಿದ್ದೆ. ನಿನ್ನ ಹೆಸರ ಹಾಕು, ನನ್ನದು ಬ್ಯಾಡ ಅಂದಾಕಿ ಆಕಿ! ಬದಕ್ಯಾಳ, ತಿಳೀತಾ ನಿಮಗ? ಬದಕ್ಯಾಳ!"

ಫೋನಿನೊಳಗಿಂದ ಮಾಬೂಬಿ ಕಿರುಚಿದಳು. "ಯಾ ಅಲ್ಲಾ! ಎಲ್ಲಿದಾಳ? ಏ ಶಗುಫ್ತಾ, ನನ್ನ ಸೊಸಿ ಎಲ್ಲಿದಾಳ? ಗೊತ್ತಿದ್ದೂ ನನ್ನ ಮಗಾ ಅಳೂದು ನೋಡಿಕೋತ ಕುಂತಿಯಲ್ಲ, ನಿನ್ನ ಬಾಯಿಗೆ ಏನ ಬಡದಿತ್ತ!"

ನಾನೇ ಬರೆದ ಅರ್ಜಿಯ ಹೆಣ ಗುರುವಾರಕ್ಕೊಮ್ಮೆ ಫೋನು ಮಾಡುತ್ತದೆ ಅಂದರೆ ಯಾರಿಗೆ ತಡೆದೀತು? ಯಾಕೆ ಬಚ್ಚಿಟ್ಟುಕೊಂಡಿದ್ದಾಳೆ? ಗಂಡನನ್ನು ಅಳಲು ಬಿಟ್ಟು, ಅತ್ತೆಗೂ ಹೇಳದೆ, ಯಾರ ಹೆದರಿಕೆಗೆ?

ಕೇಳಬೇಕು ಅಂತ ಬಾಯಿ ತೆರೆಯುವುದರೊಳಗೆ ಮಾಸ್ತರರು ಎದ್ದಿದ್ದರು. ಆ ನಗೆಯೂ ಇಲ್ಲ, ಹಲಗೆಯ ಮುಂದೆ ಕರೆಯುವ ಆ ದನಿಯೂ ಇಲ್ಲ. ತುಟಿ ಒಣಗಿ ಬೆಳ್ಳಗಾಗಿತ್ತು. ಟೀಪಾಯಿಗೆ ಮೊಣಕಾಲು ಬಡಿದು ಕಪ್ಪು ಕೆಳಗೆ ಬಿದ್ದು ಒಡೆದದ್ದೂ ಅವರಿಗೆ ಗೊತ್ತಾಗಲಿಲ್ಲ.

"ಸುಳ್ಳ ಹೇಳಬ್ಯಾಡ," ಅಂದರು. "ಬದಕಾಕ ಸಾಧ್ಯಾನs ಇಲ್ಲ. ನಾ ನೋಡೀನಿ. ಎರಡ ಸಲ ಕೈ ನೀರಿನ ಮ್ಯಾಲ ಬಂತು. ಮೂರನೇ ಸಲ ಬರಲಿಲ್ಲ."

ಕಂಡವರು ಯಾರೂ ಇಲ್ಲ ಅಂತ ನಾನು ಬರೆದ ಆ ದಂಡೆಯಲ್ಲಿ ಈ ಮನುಷ್ಯ ನಿಂತಿದ್ದ! ತಾನು ಏನಂದೆ ಅನ್ನುವುದು ಮಾಸ್ತರರಿಗೆ ಅಂದಮೇಲೆ ತಿಳಿಯಿತು. ನನ್ನನ್ನು ನೋಡಿದರು, ಫೋನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಪ್ರಶ್ನೆ ನನ್ನಿಂದ ಬರಲಿಲ್ಲ.

ನೀಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಹೊತ್ತು ನಮ್ಮ ಜಗಳದ ನಡುವೆ ಒಂದು ಚಕಾರ ಎತ್ತದ ಹೆಂಗಸು, ಗಂಡನ ಮುಖವನ್ನೇ ನೋಡುತ್ತ, ಒಂದೊಂದೇ ಮಾತು ಆಡಿದಳು.

"ಹಳ್ಳ ಬಂದ ದಿನಾ ನೀವು ಟ್ರೇನಿಂಗ್ ಐತಿ ಅಂತ ಕಲಘಟಗಿಗೆ ಹೋಗಿದ್ರಿ. ಬುತ್ತಿ ಕಟ್ಟಿ ಕೊಟ್ಟಾಕಿ ನಾನು. ಹಳ್ಳದ ದಂಡಿಗೆ ಏನ ಮಾಡಾಕ ಹೋಗಿದ್ರಿ?"